ಮುಖದಾಕ್ಷಿಣ್ಯ

9 ಜನವರಿ

ಪ್ರೀತಿಯ ಅಕ್ಕನಿಗೆ,

ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯ, ಆದ್ದರಿಂದ ಮತ್ತೆ ಕಾಗದವೇ ಗತಿ. ಹೋಟೆಲಿನ ಸ್ವಾಗತದ ಮೇಜಿನ ಹಿಂದೆ ಕೂತು, ಹೋಟೆಲಿನದೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಮೇಲ್ಗಡೆ 'ನಿಮ್ಮ ನಗುವೇ ನಮ್ಮ ಸೇವೆ' ಎಂದು ಅಚ್ಚಾಗಿರುವುದನ್ನು ನೋಡಿ ಬಯ್ಯಬೇಡ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ನಮ್ಮಲ್ಲಿ ಉಳಿದುಕೊಂಡಿದ್ದ ಡಾಕ್ಟರೊಬ್ಬರು ನಿನ್ನ ಊರಿನ ದೊಡ್ಡಾಸ್ಪತ್ರೆಯವರು. ಬಿದ್ದುಹೋದ ಮುಖವನ್ನು ಎತ್ತಿ ನಿಲ್ಲಿಸುವುದೇ ಅವರ ಕೆಲಸವಂತೆ. ಕಿವಿಯ ಹಿಂದಿನ ಗಡ್ಡೆ ತೆಗೆಯುವಾಗ ನಿನ್ನ ನರ ಹೋದದ್ದನ್ನು, ಎಡಗಡೆ ಪೂರ್ತಿ ಜೋತುಬಿದ್ದು ಮೂರು ವರ್ಷವಾದದ್ದನ್ನು ಹೇಳಿದೆ. 'ಮೂರು ವರ್ಷ ಆಯ್ತಾ? ಹಾಗಾದ್ರೆ ಹಳೇ ಸ್ನಾಯು ಕೆಲಸಕ್ಕೆ ಬರಲ್ಲ. ತೊಡೆಯಿಂದ ಒಂದು ಚಿಕ್ಕ ಸ್ನಾಯು ತೆಗೆದು ಕೆನ್ನೆಗೆ ಕೂರಿಸ್ತೀವಿ. ನಗು ಬರುತ್ತೆ,' ಅಂದರು. ಖರ್ಚು ನನಗಿರಲಿ. ನೀನು ಹೂಂ ಅಂದರೆ ಸಾಕು.

ಅಪ್ಪ ಜಾರಿ ಬಿದ್ದಮೇಲೆ ಕೋಲಿಲ್ಲದೆ ನಡೆಯುತ್ತಿಲ್ಲ. ನಮ್ಮ ಜೊತೆಯಲ್ಲೇ ಇದ್ದಾರೆ. ನಿನ್ನ ಬಗ್ಗೆ ಕೇಳುತ್ತಿರುತ್ತಾರೆ.

ನಿನ್ನ ತಮ್ಮ

17 ಜನವರಿ

ದೊರೆಗೆ,

ಅಮ್ಮ ಕರೆಯುತ್ತಿದ್ದ ಈ ಹೆಸರು ನಿನಗೆ ಹಿಡಿಸುವುದಿಲ್ಲ ಎಂದು ಗೊತ್ತು. ಇರಲಿ, ಅಮ್ಮ ಇಲ್ಲ, ನಾನಾದರೂ ಕರೆಯುತ್ತೇನೆ.

ಫೋನ್ ಎತ್ತದಿರುವುದು ಹಟಕ್ಕಲ್ಲ ಕಣೋ. ನನ್ನ ತುಟಿ ಕೂಡುವುದಿಲ್ಲ. ತುಟಿ ಕೂಡದವರಿಗೆ ಪ, ಬ, ಮ ಯಾವುದೂ ಬರುವುದಿಲ್ಲ. ಬೇಕಾದರೆ ತುಟಿಗೆ ತುಟಿ ಮುಟ್ಟಿಸದೆ 'ಅಮ್ಮ' ಅಂದು ನೋಡು. ಎಡಗಡೆಯಿಂದ ಗಾಳಿ ಪುಸ್ಸೆಂದು ಹೋಗುತ್ತದೆ. ಎದುರಿಗಿದ್ದವರು ಹೇಗೋ ಊಹಿಸಿಕೊಳ್ಳುತ್ತಾರೆ. ಫೋನಿನಲ್ಲಿ ಮಾತ್ರ, 'ಯಾರಿದು, ಕುಡಿದಿದೀರಾ?' ಎಂದು ಇಟ್ಟುಬಿಡುತ್ತಾರೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಗಿರಾಕಿಯ ಕಿವಿಗೆ ತಕ್ಕಂತೆ ಬಗ್ಗಿಸಬೇಕು, ಮೂಗಿನ ಮೇಲೆ ನೆಟ್ಟಗೆ ಕೂತಿದೆಯೇ ಎಂದು ಗೇಣು ದೂರದಿಂದ ನೋಡಬೇಕು. ನಾನು ಅವರ ಮುಖ ನೋಡುವಾಗ ಅವರು ನನ್ನದನ್ನು ನೋಡುತ್ತಾರೆ. ಕೆಲವರು ಉಸಿರು ಬಿಗಿಹಿಡಿಯುತ್ತಾರೆ, ಇದು ಅಂಟುವ ರೋಗವೇನೋ ಎಂಬಂತೆ. ಕಳೆದ ವಾರ ಒಬ್ಬ ಹೆಂಗಸು ಮಾಲೀಕರನ್ನು ಕೂಗಿ, 'ಬೇರೆ ಯಾರೂ ಇಲ್ವಾ ನಿಮ್ಮಲ್ಲಿ?' ಅಂದಳು. ಅಂಗಡಿಯ ನಾಲ್ಕೂ ಗೋಡೆಗೆ ಕನ್ನಡಿ. ಎತ್ತ ತಿರುಗಿದರೂ ನಾನೇ: ಮುಚ್ಚದ ಕಣ್ಣು, ಸೋರುವ ತುಟಿ, ಕೆನ್ನೆಯೊಳಗೆ ಬೆಳಗಿನ ತುತ್ತಿನ ಉಳಿಕೆ. ನನಗೇ ವಾಕರಿಕೆ ಬರುತ್ತದೆ, ಅವಳನ್ನು ಅಂದು ಏನು ಫಲ.

ಅಪ್ಪ ನನ್ನನ್ನು ಕೇಳುತ್ತಾರೆ ಎಂದು ಬರೆದಿದ್ದೀಯ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವುದು ನಿನಗೆ ಹೋಟೆಲಿನಲ್ಲೇ ಅಭ್ಯಾಸವಾಗಿರಬೇಕು. ಗಡ್ಡೆ ತೆಗೆಸಿದ ವರ್ಷ ನಿನ್ನ ಮನೆಗೆ ಬಂದಿದ್ದೆ. ಊಟಕ್ಕೆ ಕೂತಾಗ ಅಪ್ಪ, 'ಅವಳಿಗೆ ಅಡುಗೆಮನೇಲಿ ಬಡಿಸ್ರೋ. ಆ ಬಾಯಿ ನೋಡಿದ್ರೆ ನಂಗೆ ತುತ್ತು ಇಳಿಯಲ್ಲ,' ಅಂದರು. ನೀನು ಎದ್ದು ನನ್ನ ತಟ್ಟೆ ಎತ್ತಿಕೊಂಡು ಒಳಗೆ ನಡೆದೆ. ನಾನು ತಟ್ಟೆಯ ಹಿಂದೆ ಬಂದೆ. ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ಮುಖದಾಕ್ಷಿಣ್ಯ ಜಾಸ್ತಿ, ಯಾರಿಗೂ ಎದುರಾಡಲಾರೆ. ಆದರೆ ಅವತ್ತಿನಿಂದ ನಾನು ಅಪ್ಪನ ಎದುರು ಕೂತಿಲ್ಲ, ಇನ್ನು ಕೂರುವುದೂ ಇಲ್ಲ. ಇದನ್ನು ಬರೆದಿಟ್ಟುಕೋ.

ಆಪರೇಷನ್‌ಗೆ ಹೂಂ. ನಿನ್ನ ಕಾಗದ ಓದಿ ಕಣ್ಣಲ್ಲಿ ನೀರು ಬಂತು ಎಂದರೆ ಅರ್ಥವಿಲ್ಲ, ಎಡಗಣ್ಣಿನಲ್ಲಿ ದಿನವಿಡೀ ಬರುತ್ತಲೇ ಇರುತ್ತದೆ. ಬಲಗಣ್ಣಿನಲ್ಲೂ ಬಂತು ಎಂದು ತಿಳಿ.

ಅಕ್ಕ

28 ಜನವರಿ

ಅಕ್ಕ,

ತುಂಬಾ ಸಂತೋಷ. ಡಾಕ್ಟರಿಗೆ ಹೇಳಿಯಾಯಿತು, ಮುಂದಿನ ತಿಂಗಳು ದಿನ ಕೊಡುತ್ತಾರೆ. ಕೆಲವು ವಿಷಯ ನೀನೇ ಕೇಳಿ ನನಗೆ ಬರೆ. ಜೊಲ್ಲು ಪೂರ್ತಿ ನಿಲ್ಲುತ್ತದೆಯೇ? ಇನ್ನೊಬ್ಬರ ಎದುರು ಕೂತು ಊಟ ಮಾಡುವ ಹಾಗೆ ಆಗುತ್ತದೆಯೇ? ಎಷ್ಟು ತಿಂಗಳಿಗೆ? ಆಗಸ್ಟ್ ಒಳಗೆ ಆದರೆ ಒಳ್ಳೆಯದು. ಯಾಕೆ ಅಂತ ಏನಿಲ್ಲ, ಸುಮ್ಮನೆ ಕೇಳಿದೆ.

ನಿನ್ನ ಬಚ್ಚಲಿನ ನೆಲ ಈಗಲೂ ಜಾರುತ್ತದೆಯೇ?

ತಮ್ಮ

6 ಮಾರ್ಚ್

ದೊರೆಗೆ,

ಬದುಕಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮಲಗಿಸಿದವರು ಸಂಜೆ ಆರಕ್ಕೆ ಎಬ್ಬಿಸಿದರು. ಬಲತೊಡೆಯಿಂದ ಸ್ನಾಯು ತೆಗೆದು, ತುಟಿಯ ಮೂಲೆಯಿಂದ ಕಿವಿಯ ಕಡೆಗೆ ಎಳೆದು ಹೊಲಿದಿದ್ದಾರೆ. ಕೂದಲಿಗಿಂತ ಸಣ್ಣ ದಾರದಲ್ಲಿ ರಕ್ತನಾಳ ಕೂಡಿಸಿದ್ದಾರಂತೆ. ಇನ್ನು ಮೇಲೆ ನಾನು ತೊಡೆಯಲ್ಲಿ ನಗುವವಳು. ಯಾರಾದರೂ ಕೆನ್ನೆಗೆ ಮುತ್ತಿಡಲು ಬಂದರೆ ಮೊದಲು ಇದನ್ನು ಹೇಳಬೇಕಾಗುತ್ತದೆ.

ಉಳಿದದ್ದೆಲ್ಲ ಹೇಸಿಗೆ. ಕುತ್ತಿಗೆಗೆ ಕೊಳವೆ ಸಿಕ್ಕಿಸಿ, ಗಾಯದ ನೀರು ಇಳಿಯಲು ಬಾಟಲಿ ತೂಗುಹಾಕಿದ್ದರು. ತುಕ್ಕಿನ ಬಣ್ಣದ ನೀರು. ನನ್ನ ಬಾಯಿಯ ವಾಸನೆ ನನಗೇ ತಡೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎಂಟು ಹತ್ತು ವಿದ್ಯಾರ್ಥಿಗಳ ಹಿಂಡು. ದೊಡ್ಡ ಡಾಕ್ಟರು ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತಿದ್ದರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಒಬ್ಬನಾದರೂ 'ನಮಸ್ಕಾರ' ಅನ್ನಲಿಲ್ಲ. ಆಮೇಲೆ ಹೊಳೆಯಿತು, ಅಂಗಡಿಯಲ್ಲಿ ನಾನೂ ಗಿರಾಕಿಗಳ ಗದ್ದವನ್ನು ಹೀಗೇ ಹಿಡಿಯುತ್ತೇನೆ. ಇನ್ನು ಕೇಳಿ ಹಿಡಿಯಬೇಕು.

ನಿನ್ನ ಪ್ರಶ್ನೆಗಳಿಗೆ ಉತ್ತರ: ಜೊಲ್ಲು ಬಹಳ ಕಡಿಮೆಯಾಗುತ್ತದಂತೆ. ಹೊಸ ಸ್ನಾಯು ಅಲುಗಾಡಲು ನಾಲ್ಕೈದು ತಿಂಗಳು ಬೇಕಂತೆ. ಬಚ್ಚಲು ಜಾರುತ್ತದೆ, ನನಗೆ ರೂಢಿಯಾಗಿದೆ. ನಿನಗೆ ಅದು ಎಲ್ಲಿಂದ ನೆನಪಾಯಿತೋ.

ಯಾರಿದ್ದಾರೆ ನನಗೆ, ನೀನಲ್ಲದೆ ಇಷ್ಟು ಮಾಡುವವರು. ಇದನ್ನು ಎದುರಿಗೆ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ

23 ಜುಲೈ

ದೊರೆಗೆ,

ನಕ್ಕೆ! ಮಂಗಳವಾರ, ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ವ್ಯಾಯಾಮ ಹೇಳಿಕೊಡುವ ಹುಡುಗಿಯ ಎದುರು. ಕನ್ನಡಿಯಲ್ಲಿ ಎಡಗೆನ್ನೆ ಒಮ್ಮೆ ಹುಳದ ಹಾಗೆ ಮಿಸುಕಿತು, ಆಮೇಲೆ ತುಟಿಯ ಮೂಲೆ ಎದ್ದಿತು. ಹುಡುಗಿ ಚಪ್ಪಾಳೆ ತಟ್ಟಿದಳು.

ಹೇಗೆ ತರಿಸುತ್ತೀಯ ಎಂದು ಕೇಳಬೇಡ. ಅದಕ್ಕೊಂದು ಉಪಾಯವಿದೆ. ಬರೆದರೆ 'ಇಷ್ಟೇನಾ?' ಅಂದೀಯ, ಅಷ್ಟು ಆಸೆಪಟ್ಟು ಮಾಡಿಸಿದವನ ಮನಸ್ಸು ಸಣ್ಣದಾಗುವುದು ನನಗಿಷ್ಟವಿಲ್ಲ. ಫೋಟೋ ಇಟ್ಟಿದ್ದೇನೆ, ನೋಡು. ಜೊಲ್ಲು ಬಹುಮಟ್ಟಿಗೆ ನಿಂತಿದೆ. ಪ, ಬ, ಮ ಇನ್ನೂ ಅರೆಬರೆ.

ಅಕ್ಕ

2 ಆಗಸ್ಟ್

ಅಕ್ಕ,

ಫೋಟೋ ನೋಡಿ ಕುಣಿದಾಡುವುದೊಂದು ಬಾಕಿ. ಅಪ್ಪನಿಗೂ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, 'ಹೂಂ, ಇದಾದ್ರೆ ಆಗಬಹುದು,' ಅಂದರು. ಅವರ ಬಾಯಲ್ಲಿ ಇದು ದೊಡ್ಡ ಮಾತು.

ಬರುವ ಭಾನುವಾರ ಅವರನ್ನೂ ಕರೆದುಕೊಂಡು ಬರುತ್ತೇನೆ. ನೀನು ಬರೆದದ್ದು ನೆನಪಿದೆ. ಒಂದು ಸಲ ಕಣ್ಣಾರೆ ನೋಡಲಿ, ಅಷ್ಟೇ.

ತಮ್ಮ

14 ಆಗಸ್ಟ್

ಅಕ್ಕ,

ನೀನು ದೊಡ್ಡವಳು. ನಿಜವಾಗಿಯೂ ದೊಡ್ಡವಳು.

ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಯೋಚಿಸುತ್ತಲೇ ಬಂದೆ. 'ಅಪ್ಪ ಇನ್ಮೇಲೆ ನಿನ್ನ ಹತ್ರಾನೇ ಇರಲಿ ಅಕ್ಕ' ಎಂದು ಕೊನೆಗೆ ಹೇಳಿಬಿಟ್ಟೆ. ನೀನು ಕೂಗಾಡುತ್ತೀಯ ಅಂದುಕೊಂಡಿದ್ದೆ. ನೀನು ಒಂದು ಮಾತೂ ಆಡಲಿಲ್ಲ. ಅಪ್ಪನನ್ನು ನೋಡಿದೆ, ನನ್ನನ್ನು ನೋಡಿದೆ, ನಕ್ಕೆ. ಮೌನವೇ ಒಪ್ಪಿಗೆ ಅನ್ನುತ್ತಾರೆ, ನಕ್ಕಮೇಲೆ ಕೇಳಬೇಕೇ! ಬಸ್ಸಿಗೆ ಹೊತ್ತಾಗಿತ್ತು, ಹಾಗೇ ಓಡಿದೆ. ನಿನಗೆ ಗಂಡ ಮಕ್ಕಳ ತಾಪತ್ರಯವಿಲ್ಲ. ಇಲ್ಲಿ ನನ್ನ ಹೆಂಡತಿಗೂ ಅಪ್ಪನಿಗೂ ಎಣ್ಣೆ ಸೀಗೆಕಾಯಿ.

ಬಿಳಿ ಮಾತ್ರೆ ಬೆಳಿಗ್ಗೆ, ಹಳದಿ ಮಾತ್ರೆ ರಾತ್ರಿ. ಬಚ್ಚಲಿಗೆ ಹಾಸಲು ರಬ್ಬರ್ ಚಾಪೆ ಅವರ ಬ್ಯಾಗಿನಲ್ಲಿದೆ.

ತಮ್ಮ

21 ಆಗಸ್ಟ್

ದೊರೆ,

ನಾನು ನಕ್ಕಿಲ್ಲ.

ಇದನ್ನು ಜುಲೈನಲ್ಲೇ ಬರೆಯಬೇಕಿತ್ತು. ನಿನ್ನ ಮನಸ್ಸು ನೋಯಬಾರದು ಎಂದು ಮುಚ್ಚಿಟ್ಟೆ, ಅದಕ್ಕೆ ಸರಿಯಾಗಿ ಅನುಭವಿಸುತ್ತಿದ್ದೇನೆ. ನನ್ನ ನಗುವಿನ ನರ ಸತ್ತಿದೆ, ಅದು ಹುಟ್ಟಿ ಬರುವುದಿಲ್ಲ. ಹೊಸ ಸ್ನಾಯುವಿಗೆ ಡಾಕ್ಟರು ಕೂಡಿಸಿದ್ದು ಕಚ್ಚುವ ನರವನ್ನು, ದವಡೆ ಬಿಗಿಯುವಾಗ ಕೆಲಸ ಮಾಡುತ್ತದಲ್ಲ, ಅದನ್ನು. 'ಹಲ್ಲು ಕಚ್ಚಿ ಮೇಡಂ, ನಗು ತಾನೇ ಬರುತ್ತೆ,' ಎಂದು ವ್ಯಾಯಾಮದ ಹುಡುಗಿ ಕಲಿಸಿದ ಉಪಾಯ ಇಷ್ಟೇ. ಅಭ್ಯಾಸವಾದರೆ ಮುಂದೆ ಕಚ್ಚದೆಯೂ ಬರಬಹುದಂತೆ, ಬರದೆಯೂ ಇರಬಹುದಂತೆ.

ಭಾನುವಾರ ನೀನು ಆ ಮಾತು ಆಡಿದಾಗ ಅಪ್ಪ ಆಗಲೇ ನನ್ನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕೋಣೆಯನ್ನು ಒಮ್ಮೆ ನೋಡಿ, 'ಗಾಳಿ ಬೆಳಕು ಪರವಾಗಿಲ್ಲ,' ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿದೆ. ಎಲ್ಲರೂ ಸಿಟ್ಟು ನುಂಗಲು ಹಲ್ಲು ಕಚ್ಚುತ್ತಾರೆ, ಆದರೆ ನನ್ನ ಮುಖ ನಕ್ಕುಬಿಟ್ಟಿತು. ಎಷ್ಟು ಬಲವಾಗಿ ಕಚ್ಚಿದೆನೋ ಅಷ್ಟು ಚೆನ್ನಾಗಿ ನಕ್ಕಿತು. ಮಾತಾಡಬೇಕಾದರೆ ಹಲ್ಲು ಬಿಡಬೇಕಿತ್ತು. ಬಿಟ್ಟಿದ್ದರೆ ಮಾತಿನ ಬದಲು ಎಂಜಲು ಬರುತ್ತಿತ್ತು ಎಂಬಷ್ಟು ಅಸಹ್ಯ. ನನ್ನ ಬಲಗಡೆ ಕಲ್ಲಾಗಿತ್ತು ದೊರೆ. ನೀನು ಮಾಡಿಸಿಕೊಟ್ಟ ಕಡೆಯನ್ನೇ ನೋಡಿ ಮೆಟ್ಟಿಲು ಇಳಿದುಹೋದೆ.

ಈಗ ಇಲ್ಲಿಯ ಸಮಾಚಾರ. ಮಂಚ ಅವರದು, ನೆಲ ನನ್ನದು. ನನ್ನ ಜೊಲ್ಲು ಕಂಡರೆ ತುತ್ತು ಇಳಿಯದವರ ಹಲ್ಲಿನ ಸೆಟ್ಟು ನಾನು ನೀರು ಕುಡಿಯುವ ಲೋಟದಲ್ಲಿದೆ. ಬೇರೆ ಬಟ್ಟಲು ಕೊಟ್ಟೆ. 'ಇದೇ ಅಗಲ ಇದೆ' ಎಂದು ಮತ್ತೆ ಲೋಟಕ್ಕೇ ಹಾಕುತ್ತಾರೆ. ಕಿಟಕಿಯಲ್ಲಿಟ್ಟ ಗಿಡದ ಕುಂಡಕ್ಕೆ ಕಫ ಉಗಿಯುತ್ತಾರೆ. ಮುದುಕರ ಮೈ ತೊಳೆಸುವುದು, ಬಟ್ಟೆ ಒಗೆಯುವುದು ನನಗೆ ಅಸಹ್ಯವಲ್ಲ, ಅಮ್ಮನಿಗೆ ಎರಡು ವರ್ಷ ಮಾಡಿದವಳು ನಾನು. ಆದರೆ ಈ ಮನುಷ್ಯ ಊಟಕ್ಕೆ ಎದುರು ಕೂತು, ನಾನು ಬಾಯಿಗಿಡುವ ಪ್ರತಿ ತುತ್ತನ್ನೂ ಕಣ್ಣಿಟ್ಟು ನೋಡಿ, 'ಈಗ ಪರವಾಗಿಲ್ಲ, ನೋಡೋ ಹಾಗಿದೀಯ,' ಅನ್ನುತ್ತಾರಲ್ಲ, ಅದು ಅಸಹ್ಯ.

ಬಂದು ಕರೆದುಕೊಂಡು ಹೋಗು.

ಅಕ್ಕ

3 ಸೆಪ್ಟೆಂಬರ್

ಅಕ್ಕ,

ನಿನ್ನ ಕಾಗದ ಓದಿ ಬೇಜಾರಾಯಿತು. ಸಿಟ್ಟಿನಲ್ಲಿ ಬರೆದಿದ್ದೀಯ. ಇಪ್ಪತ್ತು ವರ್ಷದಿಂದ ದಿನಕ್ಕೆ ನೂರು ಜನರ ಮುಖ ನೋಡುವವನು ನಾನು. ಸುಳ್ಳು ನಗು ಯಾವುದು, ನಿಜವಾದ ನಗು ಯಾವುದು ಎಂದು ಹೊಸ ಹುಡುಗರಿಗೆ ಪಾಠ ಹೇಳುವವನೇ ನಾನು. ಅವತ್ತು ನೀನು ಮನಸ್ಸಿನಿಂದ ನಕ್ಕೆ. ಆಮೇಲೆ ಕೆಲಸ ಜಾಸ್ತಿಯಾಗಿ ಮನಸ್ಸು ಬದಲಾಯಿಸಿದ್ದೀಯ ಅಷ್ಟೇ. ನರ ಗಿರ ಎಲ್ಲ ನನಗೆ ಅರ್ಥವಾಗುವುದಿಲ್ಲ.

ಈ ತಿಂಗಳು ರಜ ಸಿಗುವುದಿಲ್ಲ. ಹೊಂದಿಕೊಂಡು ಹೋಗು. ಎಷ್ಟೆಂದರೂ ಹೆತ್ತ ಅಪ್ಪ. ಒಂದು ಹೊಸ ಲೋಟ ತೆಗೆದುಕೊ.

ತಮ್ಮ

24 ಸೆಪ್ಟೆಂಬರ್

ದೊರೆ,

ಹೊಸ ಲೋಟ ತಂದೆ. ಅದರಲ್ಲೂ ಹಲ್ಲು.

ಅಪ್ಪನಿಗೆ ಈಗ ಹೊಸ ಆಟ ಸಿಕ್ಕಿದೆ. ಯಾರು ಬಂದರೂ ನನ್ನನ್ನು ಕರೆದು, 'ನಗೇ, ಇವರಿಗೆ ತೋರಿಸು,' ಅನ್ನುತ್ತಾರೆ. ಮೊನ್ನೆ ಕೆಳಮನೆಯ ದರ್ಜಿ ಬಂದಿದ್ದರು. ನಾನು ಬಚ್ಚಲಲ್ಲಿ ಅಪ್ಪನ ಪಂಚೆ ಒಗೆಯುತ್ತಿದ್ದೆ. ಒದ್ದೆ ಕೈಯಲ್ಲೇ ಬಂದೆ. 'ನಗೇ' ಅಂದರು. ಸಿಟ್ಟು ನೆತ್ತಿಗೇರಿ ದವಡೆ ಬಿಗಿಯಿತು, ಮುಖ ಅರಳಿತು. 'ಆಹಾ, ಅಪ್ಪನ್ನ ಕಂಡ್ರೆ ಮಗಳಿಗೆ ಎಷ್ಟು ಖುಷಿ ನೋಡಿ,' ಎಂದು ದರ್ಜಿ ಕಣ್ಣೊರೆಸಿಕೊಂಡರು. ಅದನ್ನು ಕೇಳಿ ಇನ್ನೂ ಕಚ್ಚಿದೆ, ಇನ್ನೂ ಅರಳಿತು. ಕೋತಿ ಆಡಿಸುವವರೂ ಆಮೇಲೆ ಕೋತಿಗೆ ಒಂದು ಬಾಳೆಹಣ್ಣು ಕೊಡುತ್ತಾರೆ.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ನಿನ್ನೆ ಮಧ್ಯಾಹ್ನದ ಊಟದ ಮಾತಿಗೆ. ಅಗಿಯುವುದೂ ಕಚ್ಚುವುದೇ ಅಲ್ಲವೇ, ಆದ್ದರಿಂದ ಊಟ ಮಾಡುವಾಗ ಪ್ರತಿ ತುತ್ತಿಗೂ ನನ್ನ ಎಡಗೆನ್ನೆ ನಗುತ್ತದೆ. ಅಪ್ಪ ಅದನ್ನು ಸಂತೋಷ ಅಂದುಕೊಂಡು ಉಮೇದಿನಿಂದ ಮಾತಾಡುತ್ತಲೇ ಹೋದರು. 'ಅವನು ನನ್ನ ಇಲ್ಲಿಗೆ ಕಳಿಸ್ತೀನಿ ಅಂದಾಗ ನಾನೇ ಹೇಳಿದ್ದು. ಅವಳ ಹತ್ರ ಬಿಡೋದಾದ್ರೆ ಮೊದಲು ಆ ಬಾಯಿ ಸರಿ ಮಾಡಿಸು, ದಿನಾ ಎದುರು ಕೂತು ಉಣ್ಣೋನು ನಾನು ತಾನೆ ಅಂತ. ಮಾಡಿಸಿದ ನೋಡು. ಮಗ ಅಂದ್ರೆ ಅವನು.' ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದರು. ಒಂದು ಅಗುಳು ನನ್ನ ತಟ್ಟೆಗೆ ಬಿತ್ತು.

ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ, ನಿನ್ನ ರಬ್ಬರ್ ಚಾಪೆಯ ಮೇಲೆ ಮಂಡಿಯೂರಿ.

ಜೊಲ್ಲು ನಿಲ್ಲುತ್ತದೆಯೇ, ಆಗಸ್ಟ್ ಒಳಗೆ ಆಗುತ್ತದೆಯೇ, ಬಚ್ಚಲು ಜಾರುತ್ತದೆಯೇ. ಬಾಡಿಗೆಗೆ ಕೊಡುವ ಮುಂಚೆ ಮನೆಗೆ ಸುಣ್ಣ ಹೊಡೆಸುತ್ತಾರೆ. ನೀನು ನನ್ನ ಮುಖಕ್ಕೆ ಹೊಡೆಸಿದೆ. ನಾನು ಪೆದ್ದಿ, ಬಲಗಣ್ಣಿನಲ್ಲೂ ಅತ್ತೆ.

ಅಪ್ಪನ ಮೇಲೆ ನನಗೆ ಮೊದಲಿನಿಂದಲೂ ಹೇಸಿಗೆ, ಅದು ಹಳೆಯದು, ರೂಢಿಯಾಗಿದೆ. ನಿನ್ನ ಮೇಲಿನದು ಹೊಸದು. ಸುಳ್ಳು ಅನ್ನುವುದಾದರೆ ಬರೆ.

ಅಕ್ಕ

1 ಅಕ್ಟೋಬರ್

ಅಕ್ಕ,

ಅಪ್ಪ ಏನೇನೋ ಮಾತಾಡುತ್ತಾರೆ, ವಯಸ್ಸಾಗಿದೆ. ಅವರು ಹಾಗೆ ಒಂದು ಮಾತು ಅಂದಿರಬಹುದು, ಇಲ್ಲ ಅನ್ನುವುದಿಲ್ಲ. ಅದಕ್ಕೇ ಮಾಡಿಸಿದೆ ಅನ್ನುವುದು ಸರಿಯಲ್ಲ. ಎರಡೂ ಕೂಡಿಬಂತು, ಅಷ್ಟೇ. ನಿನಗೂ ಒಳ್ಳೆಯದಾಯಿತಲ್ಲ? ಯಾರಿಗೆ ಕೆಟ್ಟದಾಯಿತು ಹೇಳು.

ಡಾಕ್ಟರಿಗೆ ಫೋನ್ ಮಾಡಿದ್ದೆ. ನರದ ವಿಷಯ ನೀನು ಬರೆದದ್ದು ನಿಜವಂತೆ. ನನಗೆ ಗೊತ್ತಿರಲಿಲ್ಲ. ನಿನ್ನ ಮುಚ್ಚದ ಕಣ್ಣಿಗೂ ದಾರಿಯಿದೆಯಂತೆ. ರೆಪ್ಪೆಯೊಳಗೆ ಚಿಕ್ಕದೊಂದು ಲೋಹದ ತುಣುಕು ಇಟ್ಟು ಹೊಲಿದರೆ ಅದರ ಭಾರಕ್ಕೆ ಕಣ್ಣು ಮುಚ್ಚುತ್ತದಂತೆ. ಅಪ್ಪ ಬೇಸಿಗೆಯವರೆಗೆ ನಿನ್ನ ಹತ್ತಿರವೇ ಇರಲಿ, ಅದನ್ನೂ ನಾನೇ ಮಾಡಿಸುತ್ತೇನೆ. ಯೋಚಿಸು. ದಯವಿಟ್ಟು.

ತಮ್ಮ

8 ಅಕ್ಟೋಬರ್

ತಮ್ಮನಿಗೆ,

ಕಣ್ಣು ತೆರೆದೇ ಇರಲಿ. ಮುಚ್ಚಿಕೊಂಡಿದ್ದರಿಂದಲೇ ಇಷ್ಟೆಲ್ಲ ಆಯಿತು.

ಭಾನುವಾರ ಬೆಳಗಿನ ಬಸ್ಸಿಗೆ ಎರಡು ಸೀಟು ಹಿಡಿದಿದ್ದೇನೆ, ಅಪ್ಪನಿಗೆ ಕಿಟಕಿಯ ಪಕ್ಕದ್ದು. ವಾಪಸಿಗೆ ಒಂದೇ ಸೀಟು. ಮಾತ್ರೆ, ಪಂಚೆ, ಚಾಪೆ ಕಟ್ಟಿಟ್ಟಿದ್ದೇನೆ. ಎರಡೂ ಲೋಟ ಅವರ ಬ್ಯಾಗಿಗೇ ಹಾಕಿದೆ.

ನಿನ್ನೆ ಅವರಿಗೆ ಹೇಳಿದೆ. ಮೊದಲು ನಂಬಲಿಲ್ಲ. 'ನಗ್ತಾ ನಗ್ತಾ ತಮಾಷೆ ಮಾಡ್ತಿದೀಯ,' ಅಂದರು. ಆಗ ದವಡೆ ಸಡಿಲ ಬಿಟ್ಟೆ. ಹಲ್ಲು ಬಿಟ್ಟರೆ ನಗು ಇಳಿಯುತ್ತದೆ, ಕೆನ್ನೆ ಹಳೆಯ ಹಾಗೇ ಜೋಲುತ್ತದೆ, ತುಟಿಯ ಮೂಲೆ ಒದ್ದೆಯಾಗುತ್ತದೆ. ಒರೆಸಿಕೊಳ್ಳಲಿಲ್ಲ. ಆ ಮುಖವನ್ನೇ ಅವರ ಎದುರಿಗಿಟ್ಟು, 'ಒಲ್ಲೆ,' ಅಂದೆ. 'ನಿನ್ನ ಜೊತೆ ಇರಲು ಒಲ್ಲೆ, ನಿನ್ನ ಎದುರು ಉಣ್ಣಲು ಒಲ್ಲೆ.' ಹುಟ್ಟಿದಮೇಲೆ ಮೊದಲ ಸಲ ಅಪ್ಪನಿಗೆ ಏಕವಚನ. ಅವರು ಗೋಡೆಯ ಕಡೆ ತಿರುಗಿದರು. ಬೆನ್ನು ಬಹಳ ಸಣ್ಣದಾಗಿದೆ. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಪಾಪ ಅನ್ನಿಸಿದರೂ ಹೇಸಿಗೆ ಹೋಗಲಿಲ್ಲ.

ಬಸ್ಸು ಹನ್ನೊಂದಕ್ಕೆ ಮುಟ್ಟುತ್ತದೆ. ನಿನಗೆ ರಜ ಇದೆಯೋ ಇಲ್ಲವೋ ನಾನು ಕೇಳುವುದಿಲ್ಲ, ನಿನ್ನ ಹೆಂಡತಿ ಬಾಗಿಲು ತೆಗೆದರೂ ಸರಿ. ಆದರೆ ನೀನೇ ತೆಗೆದು, ಹೊಸ್ತಿಲಲ್ಲಿ ಅಪ್ಪನ ತೋಳು ಹಿಡಿದು ನಿಂತ ನಾನು ನಗುತ್ತಿರುವುದು ಕಂಡರೆ, ಒಳಗೆ ಬಾ ಎಂದು ಕರೆಯಬೇಡ. ಐದು ಗಂಟೆ ದಾರಿ ಹಲ್ಲು ಕಚ್ಚಿಕೊಂಡೇ ಬಂದಿರುತ್ತೇನೆ.

ಅಕ್ಕ